ಪೆನ್ಸಿಲ್ ಗುರುತು ಹಾಕಿದ ಜಾಗ

ಗುರುವಾರ, ಹದಿನಾಲ್ಕನೇ ತಾರೀಖು
ಹೊಲಿಗೆ ಕೋಣೆಯಿಂದ

ಪರದೆ ಅಂಗಡಿಯ ಯಜಮಾನರಿಗೆ,

ನಾನು ಕ್ಷೇಮ. ನೀನೂ ಕ್ಷೇಮವಾಗಿರಬಹುದು ಎಂದು ಬರೆಯುವುದು ವಾಡಿಕೆ. ಆದರೆ ನಿನ್ನ ಲಕೋಟೆಯ ದಪ್ಪ ನೋಡಿದಾಗಲೇ ನಿನ್ನ ಕ್ಷೇಮದ ವಿಷಯ ತಿಳಿಯಿತು. ನಾಲ್ಕು ವರ್ಷದಿಂದ ಒಂದು ಸಾಲೂ ಬರೆಯದ ಗಂಡ ಇದ್ದಕ್ಕಿದ್ದಂತೆ ‘ಪ್ರೀತಿಯ ಪೆದ್ದು’ ಎಂದು ಶುರು ಮಾಡಿದರೆ ಒಳಗೆ ಸಹಿ ಹಾಕುವ ಕಾಗದ ಇದ್ದೇ ಇರುತ್ತದೆ. ಇತ್ತು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸಂಸಾರ ಮಾಡಿದ ಹನ್ನೊಂದು ವರ್ಷವೂ ನಿನ್ನನ್ನು ‘ನೀವು’ ಎಂದೇ ಕರೆದೆ. ಈ ಪತ್ರದಲ್ಲಿ ‘ನೀನು’. ದಂಡದ ಖರ್ಚನ್ನು ಮೊದಲು ನಿಲ್ಲಿಸಬೇಕೆಂದು ಕಲಿತಿದ್ದೇನೆ, ಅದನ್ನು ಈ ಮರ್ಯಾದೆಯಿಂದಲೇ ಶುರು ಮಾಡಿದ್ದೇನೆ. ಬೇಜಾರಾದರೆ ಆಗಲಿ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ದೊಡ್ಡ ಹೋಟೆಲಿನವರು ಪರದೆಯ ದುಡ್ಡು ಕೊಡುವುದಿಲ್ಲ ಎಂದು ಕೈ ಎತ್ತಿದ್ದಾರೆ. ಬಟ್ಟೆ ಗಿರಣಿಯವನು ತನ್ನ ಬಾಕಿಗೆ ಅಂಗಡಿ ಬಾಗಿಲಲ್ಲಿ ಕೂತಿದ್ದಾನೆ. ಬ್ಯಾಂಕು ಸಾಲ ಕೊಡುತ್ತದಂತೆ, ಆದರೆ ತಿಂಗಳ ಕೊನೆಯೊಳಗೆ ಯಾರಾದರೂ ಜಾಮೀನು ನಿಲ್ಲಬೇಕು, ಇಲ್ಲದಿದ್ದರೆ ಅಂಗಡಿ ಹೋಯಿತು. ನಾನು ಸಹಿ ಹಾಕದಿದ್ದರೆ ನಿನ್ನ ಅಮ್ಮನ ಹೆಸರಲ್ಲಿರುವ ಮನೆಯನ್ನು ಅಡ ಇಡದೆ ಬೇರೆ ದಾರಿಯಿಲ್ಲ ಎಂದಿದ್ದೀಯ. ಮಂಡಿನೋವಿನ ಮುದುಕಿ, ಗುರುವಾರ ಗುರುವಾರ ವ್ಯಾಯಾಮದ ಕ್ಲಾಸಿಗೆ ಹೋಗಿ ಬರುವುದರಲ್ಲೇ ಹೈರಾಣಾಗುತ್ತಾಳೆ, ಅವಳ ತಲೆ ಮೇಲಿನ ಸೂರನ್ನು ನೀನೇ ಉಳಿಸಬೇಕು ಎಂದು ನನ್ನ ಮೇಲೇ ಭಾರ ಹಾಕಿದ್ದೀಯ. ಕೊನೆಯಲ್ಲಿ, ‘ಬರೀ ನೆಪಕ್ಕೆ ಒಂದು ಸಹಿ, ಜಾಸ್ತಿ ತಲೆ ಕೆಡಿಸ್ಕೋಬೇಡ, ಪೆನ್ಸಿಲಲ್ಲಿ ಗುರುತು ಹಾಕಿದೀನಿ’ ಎಂದು ಬೇರೆ.

ಆ ಪೆನ್ಸಿಲ್ ಗುರುತು ನೋಡಿ ಮೈ ಉರಿದುಹೋಯಿತು. ಅದೇ ಪುಟ್ಟ ಗುಣಿಸುವ ಚಿಹ್ನೆ. ನಾನು ಹೊಲಿಗೆ ಯಂತ್ರದ ಮುಂದೆ ಕೂತಿರುವಾಗ ನೀನು ಬಂದು, ಕಾಗದದ ಮೇಲ್ಭಾಗವನ್ನು ಎಡಗೈಯಲ್ಲಿ ಮುಚ್ಚಿ, ಬಲಗೈಯಲ್ಲಿ ಆ ಗುರುತನ್ನು ತೋರಿಸುತ್ತಿದ್ದೆ. ನಾನು ಹಲ್ಲಲ್ಲಿ ಕಚ್ಚಿದ್ದ ದಾರವನ್ನೂ ತೆಗೆಯದೆ ಸಹಿ ಹಾಕುತ್ತಿದ್ದೆ. ಒಂದೇ ಒಂದು ಸಲ ಇದೇನು ಎಂದು ಕೇಳಿದ್ದಕ್ಕೆ, ನೀನು ಅಂಗಡಿಗೆ ಬಂದಿದ್ದ ಗಿರಾಕಿಗಳ ಕಡೆ ತಿರುಗಿ, ‘ನೋಡ್ರಪ್ಪಾ, ನಮ್ಮ ಪೆದ್ದುಗೂ ಕಾನೂನು ಬೇಕಂತೆ’ ಅಂದೆ. ಅವರು ನಕ್ಕರು, ಅವರ ಜೊತೆ ನಾನೂ ನಕ್ಕೆ. ನಾನು ಸಹಿ ಹಾಕಿ ಕೊಟ್ಟದ್ದು ಅಪ್ಪ ನನ್ನ ಹೆಸರಿನಲ್ಲಿ ಇಟ್ಟು ಸತ್ತ ಠೇವಣಿಯನ್ನು ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನಿನ್ನ ಅಂಗಡಿಯ ಮುಂದಿನ ದೊಡ್ಡ ಗಾಜು ಇದೆಯಲ್ಲ, ನೀನು ದಿನಾ ಒರೆಸಿ ಮುಖ ನೋಡಿಕೊಳ್ಳುವ ಗಾಜು, ಅದು ನನ್ನ ಅಪ್ಪನದು.

ಶನಿವಾರಗಳೂ ನೆನಪಿವೆ. ಊಟದ ಮೇಜಿನ ಮೇಲೆ ನಾನು ನನ್ನ ಪರ್ಸನ್ನು ತಲೆಕೆಳಗಾಗಿ ಕೊಡವಬೇಕು. ನೀನು ಚಿಲ್ಲರೆಯನ್ನು ಬೆರಳಲ್ಲಿ ಸರಿಸಿ ನೋಡಿ, ‘ಬಸ್ಸಿಗೆ ಯಾಕೆ ಹೋದೆ, ಕಾಲಿರಲಿಲ್ವಾ’ ಎಂದು ಕೇಳುತ್ತಿದ್ದೆ. ಊರಿನ ಅರ್ಧ ಕಿಟಕಿಗಳಿಗೆ ನಾನು ಹೊಲಿದ ಪರದೆ ತೂಗುತ್ತಿತ್ತು, ನನ್ನ ಕೈಗೆ ಸಂಬಳವೆಂದು ಒಂದು ನೋಟೂ ಬಂದಿರಲಿಲ್ಲ. ಮನೆಯವಳಿಗೆ ಎಂಥ ಸಂಬಳ ಎಂಬುದು ನಿನ್ನ ವಾದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಒಂದು ದಿನವೂ ತುಟಿ ಬಿಚ್ಚಲಿಲ್ಲ. ನಿನ್ನಷ್ಟೇ ಅವರ ಮೇಲೂ ನನಗೆ ಸಿಟ್ಟಿತ್ತು.

ಆಮೇಲೆ ಹಲ್ಲು. ದವಡೆ ಊದಿಕೊಂಡು ನಾನು ಗೋಡೆಗೆ ತಲೆ ಒತ್ತಿ ನಿಂತಿದ್ದಾಗ, ಹಲ್ಲಿನ ಡಾಕ್ಟರು ಹಲ್ಲು ಉಳಿಸಲು ಇಷ್ಟು, ಕೀಳಲು ಇಷ್ಟು ಎಂದರು. ನೀನು ನನ್ನ ಮುಖ ಕೂಡ ನೋಡದೆ, ‘ಕಿತ್ತಾಕಿ’ ಅಂದೆ. ಅದೇ ವಾರ ಅಂಗಡಿಗೆ ಹೊಳೆಯುವ ಹೊಸ ಬೋರ್ಡು ಬಂತು. ನಾನು ಬಾಯಲ್ಲಿ ಹತ್ತಿ ಇಟ್ಟುಕೊಂಡು ಅದನ್ನು ಮೇಲೇರಿಸುವವರಿಗೆ ಏಣಿ ಹಿಡಿದೆ. ಆ ಏಣಿ ಹಿಡಿದುಕೊಂಡೇ ಮನೆ ಬಿಡುವ ತೀರ್ಮಾನ ಮಾಡಿದೆ ಎಂದು ನಿನಗೆ ಯಾರೂ ಹೇಳಿರಲಾರರು.

ಮನೆ ಬಿಟ್ಟ ಹೊಸದರಲ್ಲಿ ಲೈಬ್ರರಿಯ ಮಹಡಿಯ ಮೇಲೆ ಒಂದು ಉಚಿತ ಕ್ಲಾಸು ಸಿಕ್ಕಿತು. ಹಣಕಾಸಿನ ಓನಾಮ ಕಲಿಸುವುದು. ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹೆಂಗಸು. ಮಾತಿಗೊಮ್ಮೆ ಕೆಮ್ಮುತ್ತಿದ್ದುದರಿಂದ ನಾವೆಲ್ಲ ಕೆಮ್ಮಿನ ಮೇಡಂ ಎನ್ನುತ್ತಿದ್ದೆವು. ಮೊದಲ ದಿನವೇ ನಿಮ್ಮ ಹೆಸರಲ್ಲಿ ಏನೇನಿದೆ ಎಂದು ಕೇಳಿದರು. ನಾನು ಬಹಳ ಹೊತ್ತು ಯೋಚಿಸಿ ಲೈಬ್ರರಿ ಕಾರ್ಡು ಎಂದೆ. ಯಾರೂ ನಗಲಿಲ್ಲ. ಸುತ್ತ ಕೂತ ಹೆಂಗಸರಲ್ಲಿ ಹೆಚ್ಚಿನವರ ಹತ್ತಿರ ಅದೂ ಇರಲಿಲ್ಲ.

ಪಾಠ ಕಷ್ಟವಿರಲಿಲ್ಲ, ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. ಹನ್ನೊಂದು ವರ್ಷ ನೀನು ಮಂತ್ರವಿದ್ಯೆ ಎಂಬಂತೆ ಮುಚ್ಚಿಟ್ಟದ್ದು ಒಂದು ಮಳೆಗಾಲ ಮುಗಿಯುವುದರೊಳಗೆ ನನ್ನ ತಲೆಗೆ ಹತ್ತಿತು. ನಮ್ಮ ಹೆಸರಿನದೇ ಒಂದು ಖಾತೆ ತೆರೆಯುವುದು. ದುಡಿದದ್ದು ಬಂದ ದಿನವೇ ಉಳಿಸುವ ಪಾಲನ್ನು ಎತ್ತಿಟ್ಟು, ಮಿಕ್ಕಿದ್ದರಲ್ಲಿ ಬದುಕುವುದು. ಆರು ತಿಂಗಳು ಕೈ ಕಟ್ಟಿ ಕೂತರೂ ನಡೆಯುವಷ್ಟನ್ನು ಮುಟ್ಟದೆ ಇಡುವುದು. ನಾನು ಅದಕ್ಕೆ ಹಲ್ಲಿನ ನಿಧಿ ಎಂದು ಹೆಸರಿಟ್ಟೆ. ಕೂಡಿಟ್ಟದ್ದಕ್ಕೆ ಬಡ್ಡಿ ಬಂದು, ಆ ಬಡ್ಡಿಯೂ ಬಡ್ಡಿ ತರುತ್ತದೆ ಎಂದು ತಿಳಿದ ದಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಖುಷಿಗಲ್ಲ. ಅಪ್ಪನ ಠೇವಣಿ ಇಷ್ಟು ಹೊತ್ತಿಗೆ ಏನಾಗಿರುತ್ತಿತ್ತು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿದ್ದೆ.

ಹಳೆಯ ಯಂತ್ರವೊಂದನ್ನು ಬಾಡಿಗೆಗೆ ತಂದು ಹೊಲಿದೆ. ಆಮೇಲೆ ಸಣ್ಣ ಸಾಲ ಮಾಡಿ ಸ್ವಂತದ್ದು ಕೊಂಡೆ. ಆ ಸಾಲದ ಕಾಗದವನ್ನು ಇಡೀ ಮಧ್ಯಾಹ್ನ ಕೂತು, ಅತಿ ಸಣ್ಣ ಅಕ್ಷರವನ್ನೂ ಬಿಡದೆ ಓದಿದೆ. ಗುಮಾಸ್ತ ಆಕಳಿಸಿದ, ಆಕಳಿಸಲಿ ಎಂದುಕೊಂಡೆ. ಒಂದು ಕಂತನ್ನೂ ತಪ್ಪಿಸಲಿಲ್ಲ. ನೀನು ಎಲ್ಲ ಕ್ರೆಡಿಟ್ ಕಾರ್ಡುಗಳನ್ನೂ ಉಜ್ಜಿ, ಒಂದರ ಸಾಲವನ್ನು ಇನ್ನೊಂದರಲ್ಲಿ ತೀರಿಸಿ ನಿನ್ನ ಹೆಸರನ್ನು ಕೊಳೆ ಮಾಡಿಕೊಂಡಿರುವಾಗ, ಬ್ಯಾಂಕಿನವರ ಕಣ್ಣಿಗೆ ನನ್ನ ಹೆಸರು ತೊಳೆದಿಟ್ಟ ಹಾಗೆ ಕಾಣುವುದು ಅದಕ್ಕೇ. ನಿನಗೆ ಬೇಕಾಗಿರುವುದು ನಾನಲ್ಲ, ಆ ಹೆಸರು. ಜಾಮೀನು ಎಂದರೇನು ಎಂದು ಕೂಡ ನಾನೀಗ ಬಲ್ಲೆ. ನೀನು ಕಟ್ಟದಿದ್ದ ದಿನ ನನ್ನ ಯಂತ್ರವನ್ನು ಹೊತ್ತುಕೊಂಡು ಹೋಗಲು ಬರುತ್ತಾರೆ. ನೀನು ಕಳಿಸಿದ ಹಾಳೆಯಲ್ಲಿ ಮೊತ್ತದ ಜಾಗ ಖಾಲಿ ಬಿಟ್ಟಿದ್ದೀಯ. ಬುದ್ಧಿವಂತ!

ಇನ್ನು ಹೋಟೆಲಿನ ವಿಷಯ. ಇದನ್ನು ಬರೆಯಲೆಂದೇ ಲೇಖನಿಗೆ ಹೊಸ ಶಾಯಿ ತುಂಬಿಸಿಕೊಂಡೆ.

ಬಟ್ಟೆಯನ್ನು ಕತ್ತರಿಸುವ ಮೊದಲು ನಾನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡುತ್ತಿದ್ದದ್ದು ನೆನಪಿದೆಯೇ? ಅದನ್ನು ನನಗೆ ಕಲಿಸಿದ್ದು ಅತ್ತೆ, ನಿನ್ನ ಅಪ್ಪನ ಕಾಲದಲ್ಲಿ ಅಂಗಡಿಯ ಪರದೆಗಳನ್ನೆಲ್ಲ ಹೊಲಿದವರು. ನೀನು ಅದನ್ನು ‘ಒದ್ದೆ ಮಾಡೋ ಹುಚ್ಚು’ ಎನ್ನುತ್ತಿದ್ದೆ. ನೀರು ದಂಡ, ದಿನ ದಂಡ ಎಂದು ಗೊಣಗುತ್ತಿದ್ದೆ. ನಾನು ಹೋದ ಮೇಲೆ ಆ ಹುಚ್ಚನ್ನು ಬಿಡಿಸಿ ದುಡ್ಡು ಉಳಿಸಿದೆಯಂತೆ. ಹೋಟೆಲಿನವರು ನಿನ್ನ ಪರದೆಗಳನ್ನು ಮೊದಲ ಸಲ ಒಗೆದರು. ಒಣಗಿಸಿ ಮತ್ತೆ ತೂಗುಹಾಕಿದರೆ ಬಟ್ಟೆ ಕುಗ್ಗಿ ಎಲ್ಲವೂ ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿವೆ. ಗಿಡ್ಡ ಪ್ಯಾಂಟು ಹಾಕಿಕೊಂಡ ಮದುಮಗನ ಹಾಗೆ. ಹೋಟೆಲಿನ ಖರೀದಿ ನೋಡಿಕೊಳ್ಳುವ ಹೆಂಗಸು ಅಂಥದ್ದೊಂದನ್ನು ಮಡಿಚಿ ತಂದು ನನ್ನ ಮೇಜಿನ ಮೇಲೆ ಹರಡಿದರು, ಯಾಕೆ ಹೀಗಾಯಿತು ಎಂದು ಕೇಳಿದರು. ನಾನು ಹೇಳಿದೆ. ಚೆನ್ನಾಗಿ ಬಿಡಿಸಿ, ಯಾರಿಗೂ ಅನುಮಾನ ಉಳಿಯದ ಹಾಗೆ ಹೇಳಿದೆ. ನಿನ್ನ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಹೊಟ್ಟೆ ತಣ್ಣಗಾಯಿತು.

ಆ ಕೆಲಸ ಈಗ ನನ್ನದು, ಎಲ್ಲ ಕೋಣೆಗಳ ಪರದೆಯೂ. ಅರ್ಧ ಹಣ ಮುಂಗಡವಾಗಿ ಬಂದಿದೆ. ಪಕ್ಕದ ಕೋಣೆಯ ತೊಟ್ಟಿಯಲ್ಲಿ ಬಟ್ಟೆ ನೆನೆಯುತ್ತಿದೆ. ನೆನೆಸುವುದಕ್ಕೆ ನನಗಿಂತ ಚೆನ್ನಾಗಿ ಬಲ್ಲವರೊಬ್ಬರನ್ನು ಇಟ್ಟುಕೊಂಡಿದ್ದೇನೆ. ಹಲ್ಲನ್ನೂ ಕಟ್ಟಿಸಿಕೊಂಡೆ. ಈಗ ಎರಡೂ ಕಡೆ ಅಗಿಯುತ್ತೇನೆ.

ನಿನ್ನ ಕಾಗದಗಳನ್ನು ಇದರ ಜೊತೆಗೇ ವಾಪಸು ಕಳಿಸಿದ್ದೇನೆ. ಸಹಿ ಇಲ್ಲ. ಪೆನ್ಸಿಲ್ ಗುರುತುಗಳನ್ನು ಒಂದೂ ಬಿಡದೆ ರಬ್ಬರಿನಿಂದ ಅಳಿಸಿದ್ದೇನೆ. ಅಂಗಡಿ ಹೋದರೆ ಮುಂದಿನ ಗಾಜನ್ನು ಮಾತ್ರ ಜೋಪಾನವಾಗಿ ತೆಗೆಸು, ಹರಾಜಿಗೆ ನಾನು ಬರುತ್ತೇನೆ. ಲೈಬ್ರರಿಯಲ್ಲಿ ಕ್ಲಾಸು ಈಗಲೂ ನಡೆಯುತ್ತದೆ. ಉಚಿತ, ಗಂಡಸರನ್ನೂ ಸೇರಿಸಿಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಯಾವಾಗಲೂ ಜಾಗ ಇರುತ್ತದೆ.

ಇಂತಿ,
ಒಂದು ಕಾಲದ ಪೆದ್ದು

ಮರೆತ ಮಾತು: ಅತ್ತೆಯ ಮಂಡಿಗೆ ಏನೂ ಆಗಿಲ್ಲ. ವ್ಯಾಯಾಮದ ಕ್ಲಾಸು ಎಂಬುದೇ ಇಲ್ಲ. ಎರಡು ವರ್ಷದ ಹಿಂದೆ ಒಂದು ಗುರುವಾರ ಅವರು ಲೈಬ್ರರಿಯ ಮಹಡಿ ಹತ್ತಿ ಬಂದು ಮೊದಲ ಸಾಲಿನಲ್ಲಿ ಕೂತರು. ಕಲಿತಾದ ಮೇಲೂ ಅಲ್ಲಿಗೆ ಹೋಗುವುದನ್ನು ಬಿಡದಿದ್ದ ನಾನು ಮುಖ ತಿರುಗಿಸಿದೆ. ಕ್ಲಾಸು ಮುಗಿದ ಮೇಲೆ ನನ್ನ ಮುಂದೆ ಬಂದು ನಿಂತು, ತಮ್ಮ ಪರ್ಸನ್ನು ತಲೆಕೆಳಗಾಗಿ ಕೊಡವಿದರು. ಒಂದು ಬಾಚಣಿಗೆ, ಒಂದು ಹರಿದ ಬಸ್ ಟಿಕೇಟು ಬಿತ್ತು. ‘ನಂದೂ ಇಷ್ಟೇ ಕಣೇ, ನೀನು ಹೋದ್ಮೇಲೆ ಶನಿವಾರ ನನ್ನ ಪಾಲಿಗೆ ಬಂತು’ ಅಂದರು. ಆವತ್ತಿನಿಂದ ಗುರುವಾರ ಗುರುವಾರ ನನ್ನ ಬಟ್ಟೆ ನೆನೆಸುವವರು ಅವರೇ. ಸಂಬಳ ಅವರ ಹೆಸರಿನ ಖಾತೆಗೆ ಹೋಗುತ್ತದೆ. ಮನೆಯ ಪತ್ರವೂ ಅದೇ ಬ್ಯಾಂಕಿನ ಲಾಕರಿನಲ್ಲಿದೆ, ಕೀಲಿ ಅವರ ಹತ್ತಿರ. ಪೆನ್ಸಿಲ್ ಹಿಡಿದುಕೊಂಡು ಅವರ ಹತ್ತಿರ ಹೋಗಬೇಡ, ಓದದೆ ಅವರು ಈಗ ಯಾವುದಕ್ಕೂ ಸಹಿ ಹಾಕುವುದಿಲ್ಲ. ಈ ಪತ್ರ ಟಪಾಲಿನಲ್ಲಿ ಬಂತು ಎಂದುಕೊಂಡಿದ್ದರೆ ಲಕೋಟೆಯನ್ನು ತಿರುಗಿಸಿ ನೋಡು, ಅಂಚೆಚೀಟಿ ಇಲ್ಲ. ತಂದು ಕೊಟ್ಟವರು ಇನ್ನೂ ಅಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೀನು ಓದುವುದನ್ನು ನೋಡುತ್ತಿರಬೇಕು.