ಹಗ್ಗ ಸಡಿಲ ಬಿಡಿ

ಮಾರ್ಚ್ 4, ಮಂಗಳವಾರ

ಬೆಳಗ್ಗೆಯೇ ಯಾರ್ಡ್. ಹಡಗಿನ ಸ್ಟೆಬಿಲಿಟಿ ಟೆಸ್ಟ್. ಡೆಕ್ ಮೇಲೆ ಕಾಂಕ್ರೀಟ್ ತೂಕಗಳನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಸರಿಸುವುದು, ಹಡಗು ಎಷ್ಟು ವಾಲಿತೆಂದು ತೂಗುಗುಂಡಿನಲ್ಲಿ ನೋಡುವುದು. ಕಡಿಮೆ ವಾಲಿದಷ್ಟೂ ಒಳ್ಳೆಯದು. ಕಡಿಮೆಯೇ ವಾಲಿತು. ಎಲ್ಲರಿಗೂ ಖುಷಿ. ರಿಪೋರ್ಟಿಗೆ ಸೈನ್ ಹಾಕಬೇಕಾದ ನನಗೆ ಮಾತ್ರ ಒಳಗೊಳಗೇ ಕೊರೆತ... ನೆತ್ತಿಯ ಮೇಲೆ ಅಷ್ಟು ದೊಡ್ಡ ಹೊಸ ಕ್ರೇನ್ ಹೊತ್ತ ಹಡಗು ಇಷ್ಟು ಸಭ್ಯವಾಗಿ ನಿಲ್ಲುವುದುಂಟೇ?

ಮಾರ್ಚ್ 5, ಮಧ್ಯಾಹ್ನ

ಸಿಕ್ಕಿತು! ಟೆಸ್ಟಿನ ಫೋಟೋದಲ್ಲಿ ಹಿಂಬದಿಯ ಹಗ್ಗ ದಕ್ಕೆಯ ಗೂಟಕ್ಕೆ ಬಿಗಿದು ನಿಂತಿದೆ. ಟೆಸ್ಟ್ ಹೊತ್ತಿಗೆ ಹಗ್ಗಗಳು ಜೋಲಬೇಕು. ಗಾಳಿ ಬಂತೆಂದು ಯಾರೋ ಎಳೆದು ಕಟ್ಟಿದ್ದಾರೆ. ಹಡಗು ತಾನಾಗಿ ನಿಂತದ್ದಲ್ಲ, ಹಿಡಿದು ನಿಲ್ಲಿಸಿದ್ದು.

ಮ್ಯಾನೇಜರ್‌ಗೆ ಹೇಳಿದೆ.

"ಒಂದು ಹಗ್ಗಕ್ಕೆ ಇಷ್ಟು ರಾದ್ಧಾಂತಾನಾ? ಶುಕ್ರವಾರ ಡೆಲಿವರಿ. ಸೈನ್ ಹಾಕಿ."

"ಹಾಕಲ್ಲ."

"ಬೇರೆಯವರು ಹಾಕ್ತಾರೆ."

"ಹಾಕಲಿ. ಹಡಗಿಗೆ ಸರ್ಟಿಫಿಕೇಟ್ ಕೊಡೋ ಸರ್ವೇಯರ್‌ಗೆ ಫೋಟೋ ನಾನೇ ಕಳಿಸ್ತೀನಿ."

ಹೊರಗೆ ಬಂದವಳೇ ಕಳಿಸಿಯೂ ಬಿಟ್ಟೆ.

ಸಂಜೆ

ನಮ್ಮೆಜಮಾನರೇ ಆ ಹಡಗಿನ ಚೀಫ್ ಎಂಜಿನಿಯರ್. ಬಾಗಿಲಲ್ಲೇ ಶುರು.

"ಹೋಗೋನು ನಾನು. ನನಗಿಲ್ಲದ ಭಯ ನಿನಗ್ಯಾಕೆ? ಎಲ್ಲರ ಮುಂದೆ ನನ್ನ ಮಾನ ಕಳೀತಿದೀಯ."

"ನೀವಿರೋದು ತಳದ ಎಂಜಿನ್ ರೂಮಲ್ಲಿ. ಮಗುಚಿದ್ರೆ ಹೊರಗೆ ಬರೋಕಾಗದೋರು ಮೊದಲು ನೀವೇ."

ಅಡುಗೆಮನೆಯಿಂದ ಅತ್ತೆ: "ಅವಳ ಹಠಕ್ಕೆ ನಾನೇ ಸೋತಿದೀನಿ, ನಿಂದೇನು ಮಹಾ."

ನಗು ಬಂತು. ಆಮೇಲೆ ಬಾತ್‌ರೂಮಿನಲ್ಲಿ ಅಳು.

ಮಾರ್ಚ್ 8

ಸರ್ವೇಯರ್ ಡೆಲಿವರಿ ತಡೆದಿದ್ದಾರೆ. ನಾಳೆ ಮತ್ತೆ ಟೆಸ್ಟ್. ಯಾರ್ಡಿನಲ್ಲಿ ಒಬ್ಬರೂ ನನ್ನ ಮುಖ ನೋಡುವುದಿಲ್ಲ. ಹಡಗು ಪಾಸಾದರೆ ನನಗೆ ಗೇಟ್‌ಪಾಸ್ — ಮ್ಯಾನೇಜರ್ ಬಾಯಿಬಿಟ್ಟೇ ಹೇಳಿದರು. ಆಗಲಿ. ಸುಳ್ಳಿಗಂತೂ ಸೈನ್ ಹಾಕಿಲ್ಲ.

ಮಾರ್ಚ್ 9

ಡೆಕ್ ಮೇಲೇ ಕೂತು ಬರೆಯುತ್ತಿದ್ದೇನೆ. ಒಂದೊಂದು ಹಗ್ಗವನ್ನೂ ನಾನೇ ಅಲ್ಲಾಡಿಸಿ ನೋಡಿದೆ. ಎಲ್ಲ ಸಡಿಲ. ಮೊದಲ ತೂಕ ಸರಿಸಿದರು. ಗುಂಡು ಮಂಗಳವಾರದ ಗುರುತು ದಾಟಿತು. ನಿಲ್ಲಲಿಲ್ಲ. ಎರಡನೆಯದಕ್ಕೆ ಕಾಲಡಿಯ ಡೆಕ್ಕೇ ಜಾರಿದಂತಾಯಿತು. ಮ್ಯಾನೇಜರ್ ಕಂಬಿ ಹಿಡಿದುಕೊಂಡರು. "ಸಾಕು, ತೂಕ ವಾಪಸ್ ತನ್ನಿ!" ಸರ್ವೇಯರ್ ಕೂಗಿದರು.

"ಈಗೇನ್ರೀ ಮಾಡೋದು?" ಮ್ಯಾನೇಜರ್ ಕೇಳಿದ್ದು ನನ್ನನ್ನೇ.

"ಕ್ರೇನ್ ಇಳಿಸಿ. ಆಮೇಲೆ ಮತ್ತೆ ಟೆಸ್ಟ್. ಅಲ್ಲೀವರೆಗೂ ಸೈನ್ ಇಲ್ಲ."

ಗೆದ್ದೆ. ಕುಣಿಯಬೇಕು ಅನಿಸಿತ್ತು. ಟೆಸ್ಟ್ ನೋಡಲು ಬಂದಿದ್ದ ನಮ್ಮೆಜಮಾನರು ಪಕ್ಕಕ್ಕೆ ಬಂದು ಕೂತರು, ಮುಖ ಬಿಳಚಿಕೊಂಡಿತ್ತು. "ಶುಕ್ರವಾರ ನಾನು ಇದ್ರಲ್ಲೇ ಹೋಗಿದ್ದಿದ್ರೆ..." ಅಂದರು. ಹಿಡಿದ ನನ್ನ ಕೈ ಬಿಡುತ್ತಿಲ್ಲ, ಬರೆಯಲು...