ಕೊಟ್ರಪ್ಪನವರ ಕಿವಿ ಕ್ಯಾಂಪು

ನ. 3, ಸೋಮವಾರ. ಬೆಳಗ್ಗೆ

ಉಪ್ಪುನೀರು ಮುಕ್ಕಳಿಸಿ ಆಯ್ತು. ಗಂಟಲು ಸಾಣೆ ಹಿಡಿದ ಕತ್ತಿ! ಕಿಟಕಿ ತೆರೆದು "ಯಾರಲ್ಲಿ!" ಅಂತ ಒಂದು ಗರ್ಜನೆ. ಚಿಕ್ಕಲಸಂದ್ರದ ಪಾರಿವಾಳಗಳೆಲ್ಲ ಪರಾರಿ. ಮಹಡಿಯಿಂದ ಓನರ್ ಸತ್ಯಭಾಮಾ ಇಣುಕಿದರು.

"ಶಾಂತಾದೇವಿಯವ್ರೇ, ನಮ್ಮನೇವ್ರು ಸಂಧ್ಯಾವಂದನೆಗೆ ಕೂತಿದಾರೆ..."

"ಕೂರ್ಲಿ ಬಿಡಿ, ಹಿಮ್ಮೇಳ ಉಚಿತ!"

ಹದಿನಾರಕ್ಕೆ ನಮ್ಮ ಸಾಹುಕಾರ್ರು ಕೊಟ್ರಪ್ಪನವರ ಮೊದಲ ವರ್ಷದ ಪುಣ್ಯಸ್ಮರಣೆ. ಜಯನಗರದಲ್ಲಿ ಹಾಲ್ ಬುಕ್ ಆಗಿದೆ. ಮಾತಾಡೋಕೆ ನನಗೆ ಐದು ನಿಮಿಷ. ಐದು! ಕಂಪನಿ ನಾಟಕದಲ್ಲಿ ರಾಜಪಾರ್ಟು ಮಾಡಿದವಳು ನಾನು. ಮೀಸೆ ತಿರುವುತ್ತ ಸಿಂಹಾಸನದ ತನಕ ನಡೆದು ಬರೋಕೇ ಅಷ್ಟು ಬೇಕಿತ್ತು.

ನ. 4

ಭಾಷಣ ಬರೆಯೋಕೆ ಕೂತೆ. ಬರೀ ನೆನಪು ಬರ್ತಿದೆ.

ಕಂಪನಿ ಮುಚ್ಚಿದ ವರ್ಷ. ಕೊನೇ ಆಟ. ಬಣ್ಣ ಒರೆಸ್ತಿದ್ದೆ, ಕೊಟ್ರಪ್ಪನವರು ಒಳಗೆ ಬಂದರು — ಬಿಳಿ ಜುಬ್ಬಾ, ಕಿವಿ ಹಿಂದೆ ಕೇಳಿಸೋಕೆ ಹಾಕೋ ಕೆಂಪು ಮಿಷನ್. ಯಾರಿಗೂ ಕಾಣದ ಬಣ್ಣ ಬೇಡ ಅಂತ ಹಠ ಹಿಡಿದು ತರಿಸಿದ್ದಂತೆ. "ಕನ್ನಡಕ ಹಾಕಿದ್ರ ಮೇಷ್ಟ್ರು ಅಂತಾರ, ಇದನ್ನ ಹಾಕಿದ್ರ ಕಿವುಡ ಅಂತಾರ. ಯಾವ ನ್ಯಾಯ ಇದು?"

ಬೊಮ್ಮನಹಳ್ಳೀಲಿ ಅವರದು ತಗಡು ಬಡಿಯೋ ಪ್ರೆಸ್‌ಗಳ ಫ್ಯಾಕ್ಟರಿ. ಆ ಸದ್ದಿಗೆ ಅವರ ಕಿವಿಯೂ ಮಂದ, ಹಳೇ ಕೆಲಸಗಾರರದ್ದೂ ಮಂದ. ಮೊದಲು ಅವರಿಗೆಲ್ಲ ಕಿವಿ ಮಿಷನ್ ಹಾಕಿಸಿದರು. ಆಮೇಲೆ ಅವರ ಮನೆಯವರಿಗೆ. ಆಮೇಲೆ ಕೇಳಿ ಬಂದವರಿಗೆಲ್ಲ! ತಿಂಗಳಿಗೊಂದು ಕ್ಯಾಂಪು. ಒಂದೇ ತಾಪತ್ರಯ — ಕ್ಯೂನಲ್ಲಿ ಹೆಸರು ಕೂಗಿದರೆ ಒಬ್ಬರಿಗೂ ಕೇಳಿಸ್ತಿರಲಿಲ್ಲ.

"ತಾಯಿ, ಕಡೀ ಬೆಂಚಿನಾಗ ಕುಂತಿದ್ದೆ. ಮಿಷನ್ ತೆಗೆದು ಕಿಸೇದಾಗ ಇಟ್ಟೆ. ಆದ್ರೂ ನಿಮ್ಮ ಮಾತು ಕೇಳಿಸ್ತು. ನಮ್ಮ ಕ್ಯಾಂಪಿಗೆ ಬರ್ತೀರೇನು?"

ಇಂಥ ವಿಮರ್ಶೆ ಯಾವ ಪೇಪರಲ್ಲೂ ಬಂದಿರಲಿಲ್ಲ. ಹೋದೆ. ಅಂದಿನಿಂದ ಅವರ ಕ್ಯಾಂಪಿನ ಕಂಚಿನ ಕಂಠ — ನಾನೇ!

ನ. 6, ಗುರುವಾರ

ಫ್ಯಾಕ್ಟರಿಗೆ ಹೋಗಿ ಬಂದೆ. ಎದೆ ಭಾರ.

ಸಂಗೀತಾ, ಕೊಟ್ರಪ್ಪನವರ ಮಗಳು, ಈಗ ಎಂ.ಡಿ. ಕಾಫಿ ತರಿಸಿ ಹೇಳಿದಳು. "ಆಂಟಿ, ಅಪ್ಪ ಹೋದ್ಮೇಲೆ ಕ್ಯಾಂಪ್ ಹೇಗೂ ನಡೆದಿಲ್ಲ. ಇನ್ನು ನಿಲ್ಲಿಸಿಬಿಡ್ತೀನಿ. ಒಂದು ಆಸ್ಪತ್ರೇಲಿ ಅಪ್ಪನ ಹೆಸರಲ್ಲಿ ವಾರ್ಡ್ ಕಟ್ಟಿಸ್ತೀವಿ. ಹದಿನಾರಕ್ಕೆ ಅನೌನ್ಸ್ ಮಾಡ್ತೀನಿ."

"ವಾರ್ಡೂ ಇರ್ಲಿ, ಕ್ಯಾಂಪೂ ಇರ್ಲಿ!"

"ಮೆಲ್ಲಗೆ ಆಂಟಿ, ಪಕ್ಕದಲ್ಲಿ ಆಡಿಟರ್ಸ್ ಇದಾರೆ."

"ಇದೇ ನನ್ನ ಮೆಲ್ಲಗೆ!"

ಸಂಗೀತಾ ಕಪ್ಪನ್ನೇ ನೋಡ್ತಾ... "ಜನ ಅಪ್ಪನ್ನ ನೋಡೋಕೆ ಬರ್ತಿದ್ರು. ನಾನು ಕರೆದ್ರೆ ಯಾರ್ ಬರ್ತಾರೆ? ಪೆಂಡಾಲ್ ಹಾಕಿ, ಯಾರೂ ಬರ್ದೇ ಇದ್ರೆ... ಅದನ್ನ ನೋಡೋ ಶಕ್ತಿ ನಂಗಿಲ್ಲ."

ರಾಜಪಾರ್ಟಿಗೆ ಡೈಲಾಗ್ ಮರೆತುಹೋಯ್ತು.

ನ. 9, ಭಾನುವಾರ

ಭಾಷಣ ಹರಿದೆ. ಹದಿನಾರಕ್ಕೆ ಜನ ಕರೆಯೋಕೆ ಹೊರಟೆ.

ಸಾರಕ್ಕಿ ಮಾರ್ಕೆಟ್. ಹೂವಿನ ಬೈರಮ್ಮ. ಇವಳ ಕಥೆ ಇಡೀ ಕ್ಯಾಂಪಿಗೇ ಗೊತ್ತು. ಮಿಷನ್ ಹಾಕಿಸಿಕೊಂಡ ಮರುತಿಂಗಳೇ ಕೊಟ್ರಪ್ಪನವರ ಹತ್ರ ದೂರು — "ಸ್ವಾಮಿ, ನನ್ ಸೊಸೆ ಇಷ್ಟ್ ದಿನ ಏನೇನ್ ಬೈತಿದ್ಲು ಅಂತ ಈಗ ಗೊತ್ತಾಯ್ತು!"

"ಹಂಗಾರ ವಾಪಸ್ ಕೊಡ್ತಿ ಏನವ್ವ?"

"ಅಯ್ಯೋ, ಈಗ್ಲೇ ಯಾಕೆ! ನಾನೂ ತಿರುಗಿ ಬೈಬೇಕಲ್ಲ!"

ಸಾಹುಕಾರ್ರು ಕಣ್ಣೊರೆಸಿಕೊಂಡು ನಕ್ಕಿದ್ದರು. ಇವತ್ತು ಅವರ ಹೆಸರೆತ್ತಿದ ಕೂಡಲೇ ಬೈರಮ್ಮ ಬುಟ್ಟಿ ಪಕ್ಕಕ್ಕಿಟ್ಟಳು. "ಬತ್ತೀನಿ ಕಣಕ್ಕ. ನಮ್ ಬೀದಿಯವ್ರನ್ನೂ ಕರ್ಕೊಂಡು ಬತ್ತೀನಿ."

ಪ್ರೆಸ್ ಶಾಪಿನ ಲಕ್ಕಪ್ಪನಿಗೂ ಹೇಳಿದೆ. ಮೊದಲ ಮಿಷನ್ ಅವನದೇ. ರಿಟೈರ್ ಆಗಿದಾನೆ, ಮಾತು ಮಾತ್ರ ಇನ್ನೂ ಡ್ಯೂಟಿ ಮೇಲಿದೆ.

ನ. 16. ಸಂಜೆ

ಇದನ್ನ ಬರೀಲೇಬೇಕು.

ದೊಡ್ಡವರೆಲ್ಲ ಮಾತಾಡಿದರು. ವಿಷನ್, ಲೆಗಸಿ, ಫಿಲಾಂತ್ರಪಿ... ಎಲ್ಲವೂ ನಿಜವೇ. ಆದರೆ ಹಿಂದಿನ ಸಾಲುಗಳಲ್ಲಿ ಬೈರಮ್ಮ ಆಕಳಿಸ್ತಿದ್ದಳು. ನನ್ನ ಸರದಿ. ಆಪರೇಟರ್‌ಗೆ ಹೇಳಿ ಮೈಕ್ ಆಫ್ ಮಾಡಿಸಿದೆ. ಗೊತ್ತಿದ್ದವರೆಲ್ಲ ನಗುತ್ತ ಕಿವಿ ಮುಚ್ಚಿಕೊಂಡರು — ತೋಪು ಹಾರುತ್ತೆ ಅಂತ.

ಸ್ಟೇಜ್ ಇಳಿದೆ. ನಡೆದೆ. ಹಿಂದಿನ ಸಾಲುಗಳ ನಡುವೆ ಹೋಗಿ ನಿಂತೆ. ತೊಟ್ಟಿಲ ಪಕ್ಕದಲ್ಲಿ ಆಡೋ ದನಿಯಲ್ಲಿ ಅಂದೆ: "ಕೊಟ್ರಪ್ಪನವರು ಹಾಕಿಸಿದ ಮಿಷನ್‌ನಿಂದ ಈ ಮಾತು ಯಾರಿಗೆ ಕೇಳಿಸ್ತಿದೆಯೋ, ಅವರು ಎದ್ದೇಳಿ."

ಮುಂದಿನ ಸಾಲಲ್ಲಿ ಗುಸುಗುಸು. "ಏನಂದ್ರು? ಏನಂದ್ರು?"

ಬೈರಮ್ಮ ಎದ್ದಳು. ಲಕ್ಕಪ್ಪ ಎದ್ದ. ಆಮೇಲೆ ಸಾಲಿಗೆ ಸಾಲೇ... ಕಿವಿ ಹಿಂದೆ ಮಿಷನ್ ಇಟ್ಟುಕೊಂಡ ಜನ, ತಲೆ ಎತ್ತಿ ನಿಂತ ಜನ! ಎಷ್ಟೋ ನಾಟಕದಲ್ಲಿ ರಾಜನಾಗಿದ್ದೆ, ನನಗಾಗಿ ಇಂಥ ದರ್ಬಾರು ಎದ್ದು ನಿಂತಿರಲಿಲ್ಲ. ಇದೂ ನನಗಲ್ಲ. ಅವರಿಗೆ.

ಲಕ್ಕಪ್ಪ ಸುಮ್ಮನಿರ್ತಾನಾ? "ಸಂಗೀತಮ್ಮಾ, ಮುಂದಿನ ಕ್ಯಾಂಪ್ ಯಾವಾಗ? ನನ್ ತಮ್ಮ ಒಂದ್ ವರ್ಷದಿಂದ ಕೇಳ್ತಾನೇ ಅವ್ನೆ. ನಾವೆಲ್ಲ ಕೆಲಸಕ್ಕೆ ನಿಂತ್ಕೋತೀವಿ."

ಸಂಗೀತಾ ಕೈಯಲ್ಲಿ ವಾರ್ಡಿನ ಭಾಷಣ. ಅದನ್ನು ನೋಡಲಿಲ್ಲ. ನಿಂತವರನ್ನೇ ನೋಡ್ತಿದ್ದಳು. ತುಟಿ ಅಲುಗಿತು, ದನಿ ಹೊರಡಲಿಲ್ಲ. ಹತ್ತಿರ ಹೋದೆ. ಕಿವಿಯಲ್ಲಿ ಹೇಳಿದಳು.

ತಿರುಗಿದೆ. ಎದೆ ತುಂಬ ಉಸಿರು.

"ಡಿಸೆಂಬರ್ ಏಳು! ಭಾನುವಾರ! ಸಾರಕ್ಕಿ!"

ಮೈಕ್ ಆಫೇ ಇತ್ತು. ಯಾರಿಗೆ ಬೇಕಿತ್ತು!

ಡಿ. 7, ಭಾನುವಾರ. ಬೆಳಗ್ಗೆ, ಸಾರಕ್ಕಿ

ಪೆಂಡಾಲ್ ರೆಡಿ. ಡಾಕ್ಟರ್ ಬಂದಾಯ್ತು. ಲಕ್ಕಪ್ಪ ಟೋಕನ್ ಟೇಬಲ್ ಹಿಡಿದು ಕೂತಿದಾನೆ, ತಮ್ಮನಿಗೇ ಮೊದಲನೇ ಟೋಕನ್. ಹೊಸಬರು ಇನ್ನೂ ಯಾರೂ ಇಲ್ಲ. ಮಂಜು. ಸಂಗೀತಾ ಗೇಟಿಗೂ ಪೆಂಡಾಲ್‌ಗೂ ಓಡಾಡ್ತಿದಾಳೆ. ಮಾತಾಡಿಸೋ ಧೈರ್ಯ ನನಗೂ ಇಲ್ಲ, ಅದಕ್ಕೇ ಇಲ್ಲಿ ಬರೀತಾ ಕೂತೆ...

ಬಸ್ ನಿಂತಿತು. ಯಾರೋ ಇಳಿದರು. ಕಿವಿಗೆ ಕೈ ಅಡ್ಡ ಹಿಡಿದು ಆಟೋದವನನ್ನ ಏನೋ ಕೇಳ್ತಿದಾರೆ. ಹಿಂದೆ ಇನ್ನೊಬ್ಬರು. ಅವರ ಹಿಂದೆ... ಅಯ್ಯೋ, ಬಸ್ಸೇ ಖಾಲಿ ಆಗ್ತಿದೆ!

ಸಂಗೀತಾ ಓಡಿದಳು. ಕೈ ಬೀಸಿ ಕೂಗ್ತಿದಾಳೆ — "ಆಂಟೀ, ಬೇಗ ಬನ್ನಿ! ನಾನ್ ಹೇಳಿದ್ದು ಇವ್ರಿಗೆ ಕೇಳಿಸ್ತಿಲ್ಲ!"

ಬಂದೆ ಮಗಳೇ, ಬಂ—