ಅಣ್ಣನಿಗೆ ಮಣ್ಣು ಕೊಟ್ಟವರು

ಅತ್ತಿಗೆ,

ಮುಂದೆ ಓದುವ ಮೊದಲು ಒಂದು ಕಡೆ ಕೂತುಕೊಳ್ಳಿ. ಅಣ್ಣ ಎಲ್ಲಿದ್ದಾನೆಂದು ಗೊತ್ತಾಗಿದೆ. ನದಿಯಾಚೆ, ಒಂದು ದಿಬ್ಬದ ಮೇಲೆ, ನೆರಳಿರುವ ಕಡೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗೊತ್ತಾದದ್ದು ಹೇಗೆಂದು ನಿಧಾನವಾಗಿ ಹೇಳದಿದ್ದರೆ ನೀವು ನಂಬುವುದಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಎರಡು ದೇಶಗಳ ಸಂಧಾನದ ಮಾತುಕತೆ ಮುರಿದುಬೀಳುವುದರಲ್ಲಿತ್ತು. ಸತ್ತವರ ವಿಷಯ ಎತ್ತಿದಾಗಲೆಲ್ಲ ಆ ಕಡೆಯವರು ತಮ್ಮ ನೆಲದಲ್ಲಿ ನಮ್ಮವರು ಯಾರೂ ಇಲ್ಲವೆನ್ನುತ್ತಿದ್ದರು. ನಾವೂ ಹೂಂಗುಟ್ಟಬೇಕಿತ್ತು, ನಮ್ಮ ಸೈನಿಕರು ಗಡಿ ದಾಟಿಯೇ ಇಲ್ಲವೆಂದು ಸರ್ಕಾರ ಮೊದಲೇ ಹೇಳಿಬಿಟ್ಟಿತ್ತಲ್ಲ. ಮೇಜಿನ ಕೊನೆಯಲ್ಲಿ ಕೂತು ನಾನು ಅದನ್ನೆಲ್ಲ ಬರೆದುಕೊಳ್ಳುತ್ತಿದ್ದೆ.

ಆಗ ನಮ್ಮ ರಾಯಭಾರಿ ಮೇಡಂ ಆ ಕಡೆಯ ರಾಯಭಾರಿಯ ಜೊತೆ ಕಾರಿಡಾರಿನಲ್ಲಿ ಗುಟ್ಟಾಗಿ ಮಾತಾಡಿ, ಎರಡೂ ದಡದ ಹಿರಿಯ ಧರ್ಮಗುರುಗಳನ್ನು ಕರೆಸಿದರು. ನಮ್ಮ ಕಚೇರಿಯವರು ಮುಸಿಮುಸಿ ನಕ್ಕರು.

ನಮ್ಮ ಗುರುಗಳನ್ನು ನೀವು ಬಲ್ಲಿರಿ. ಕಣ್ಣು ಈಗ ಅಷ್ಟಕ್ಕಷ್ಟೆ. ಆ ಕಡೆಯವರು ಎತ್ತರದ ಆಳು, ಮಾತಿಗೊಮ್ಮೆ ಕೆಮ್ಮು. ಅವರ ಮಗನೂ ಇದೇ ಯುದ್ಧದಲ್ಲಿ ಹೋದವನಂತೆ. ಇಬ್ಬರೂ ಮೊದಲು ಮೈಕು ತೆಗೆಸಿದರು. ಆಮೇಲೆ ಆ ಎತ್ತರದವರು, ತಮ್ಮ ಅಧಿಕಾರಿಗಳ ಮುಖವನ್ನೂ ನೋಡದೆ ಬಾಯಿಬಿಟ್ಟರು.

"ನಿಮ್ಮ ಹುಡುಗ್ರು ನಮ್ಮೂರಲ್ಲೇ ಇದಾರೆ. ಮಣ್ಣು ಕೊಟ್ಟಿದ್ದು ನಾನೇ. ನಿಮ್ಮ ಪ್ರಾರ್ಥನೆ ನಂಗೆ ಬರ್ತಿರ್ಲಿಲ್ಲ, ನಮ್ದನ್ನೇ ಹೇಳ್ಬಿಟ್ಟೆ. ತಪ್ಪಾಯ್ತೇನೋ ಅಂತ ಅವತ್ತಿಂದ ಮನಸ್ಸು ಕೊರೀತಾ ಇದೆ."

ನಮ್ಮ ಗುರುಗಳು ಎದ್ದರು. ಮೇಜಿನ ಅಂಚು ತಡವಿಕೊಂಡು ಆ ಬದಿಗೆ ಹೋಗಿ ಅವರ ಎರಡೂ ಕೈ ಹಿಡಿದರು.

"ಮುಟ್ಟಬೇಕಾದಲ್ಲಿಗೆ ಮುಟ್ಟಿರುತ್ತೆ ಬಿಡಿ."

ಆಮೇಲೆ ಆ ಎತ್ತರದವರು ಒಬ್ಬೊಬ್ಬರ ಚಹರೆಯನ್ನೂ ಸ್ವಂತ ಮಕ್ಕಳದ್ದೆಂಬಂತೆ ಹೇಳುತ್ತಾ ಹೋದರು. ಒಬ್ಬನಿಗೆ ಎಡಗೈ ಕಿರುಬೆರಳಿರಲಿಲ್ಲ ಎಂದಾಗ ನನ್ನ ಪೆನ್ನು ನಿಂತುಹೋಯಿತು. ಚಿಕ್ಕಂದಿನಲ್ಲಿ ಬಾವಿಯ ರಾಟೆಗೆ ಸಿಕ್ಕ ಅಣ್ಣನ ಬೆರಳು.

ಶತ್ರುಗಳನ್ನು ಹೂತರೆಂದು ಊರವರು ಅವರಿಗೆ ಕಲ್ಲು ಹೊಡೆದಿದ್ದರಂತೆ. ಈಗ ಈ ಮಾತು ಹೊರಬಿದ್ದರೆ ದೇಶದ್ರೋಹಿ ಎಂಬ ಪಟ್ಟ ಖಂಡಿತ. ಅದು ಇಬ್ಬರು ರಾಯಭಾರಿಗಳಿಗೂ ತಕ್ಷಣ ಹೊಳೆಯಿತು. ಇಷ್ಟು ದಿನ ಒಂದು ಅಲ್ಪವಿರಾಮಕ್ಕೂ ಜಗಳವಾಡುತ್ತಿದ್ದವರು ಒಪ್ಪಂದದ ಒಂದೇ ಹಾಳೆಯ ಮೇಲೆ ಬಗ್ಗಿದರು. 'ಸೈನಿಕರು' ಎಂಬುದನ್ನು ಹೊಡೆದುಹಾಕಿ 'ಮನೆಗೆ ಮರಳಬೇಕಾದವರು' ಎಂದು ಬರೆದರು. ಯಾರು ಗಡಿ ದಾಟಿದರು, ಯಾರು ಹೂತರು ಎಂದು ಯಾರೂ ಕೇಳಕೂಡದೆಂದು ಸೇರಿಸಿದರು. ದೇಹಗಳನ್ನು ಒಪ್ಪಿಸುವುದೂ ಪಡೆಯುವುದೂ ಗುರುಗಳಿಬ್ಬರ ಕೈಯಲ್ಲೇ. ಎರಡು ಸರ್ಕಾರಗಳೂ ಮುಖ ಉಳಿಸಿಕೊಂಡು ಸಹಿ ಹಾಕಿದವು. ಒಪ್ಪಿಸುವ ಆ ದಿನಗಳಲ್ಲಾದರೂ ಗುಂಡು ಹಾರಿಸುವುದಿಲ್ಲವೆಂದೂ ಒಪ್ಪಿದವು. ಪದ ಹುಡುಕಿ ಒಪ್ಪಂದ ಬರೆಯುವ ನನ್ನ ಕಸುಬಿಗೆ ಇಷ್ಟು ಶಕ್ತಿಯಿದೆಯೆಂದು ನನಗೇ ತಿಳಿದಿರಲಿಲ್ಲ.

ಬರುವ ಶುಕ್ರವಾರ ಅಣ್ಣನನ್ನು ಗಡಿಯ ನದಿ ಸೇತುವೆಯ ಮೇಲೆ ಕರೆತರುತ್ತಾರೆ. ಆ ಕಡೆಯವರ ಮುಖ ಸಾಯುವತನಕ ನೋಡುವುದಿಲ್ಲ ಎಂದಿದ್ದಿರಿ. ನಾನು ಒತ್ತಾಯ ಮಾಡುವವನಲ್ಲ. ಆದರೆ ಹೊರಡುವಾಗ, ಆ ಬೆರಳಿನವನು ನನ್ನಣ್ಣನೆಂದು ತಿಳಿಸಿದೆ. ಆ ಹಿರಿಯರು ನನ್ನ ಭುಜ ಹಿಡಿದು, "ಅವನು ಹೆಂಗೆ ನಗ್ತಿದ್ದ? ನಾನು ನೋಡಿದ್ದು ಸತ್ತ ಮುಖ ಮಾತ್ರ" ಎಂದು ಕೇಳಿದರು.

ಅದನ್ನು ಅವರಿಗೆ ನೀವೇ ಹೇಳಬೇಕು, ಅತ್ತಿಗೆ.

ಸೇತುವೆಯ ಈ ತುದಿಯಲ್ಲಿ ಕಾಯುತ್ತಿರುತ್ತೇನೆ. ದೇವರು, ಯಾವ ದಡದವನಾದರೂ ಸರಿ, ಅಲ್ಲಿಯವರೆಗೆ ಬರುವ ಶಕ್ತಿ ನಿಮಗೆ ಕೊಡಲಿ.

ನಿಮ್ಮ ಮೈದುನ